ಗಾಡಿ ತಾನೇ ಓಯ್ತದೆ

ನಮ್ಮ ಕಡೆ ಕಾರಿನ ಕಾಯಿಲೆಗಳಿಗೆ ಇರುವ ಹೆಸರುಗಳು ಯಾವ ಮ್ಯಾನ್ಯುಯಲ್‌ನಲ್ಲೂ ಸಿಗಲ್ಲ. ಗಾಡಿ 'ಮಿಸ್ಸಿಂಗ್ ಹೊಡೀತೈತೆ' ಅಂದರೆ ಯಾವುದೋ ಒಂದು ಸಿಲಿಂಡರ್ ಸರಿಯಾಗಿ ಉರೀತಿಲ್ಲ ಅಂತ. 'ಪಿಕಪ್ ಸತ್ತೋಗೈತೆ' ಅಂದರೆ ಏರು ಹತ್ತಲ್ಲ ಅಂತ. 'ರೇಸ್ ನಿಂತ್ಕಂಡೈತೆ' ಅಂದರೆ ಕಾಲು ತೆಗೆದ ಮೇಲೂ ಇಂಜಿನ್ನು ಗುಂಯ್ ಅನ್ನೋದು ಬಿಟ್ಟಿಲ್ಲ ಅಂತ. ಇಂಗ್ಲಿಷ್ ಬಲ್ಲವರು ಇದಕ್ಕೆ ಹೈ ಐಡಲ್ ಅಂತಾರೆ. ನಮ್ಮಪ್ಪ ಹೇಳಿದ್ದು ಇದ್ಯಾವುದೂ ಅಲ್ಲ. ಅವರು ಹೇಳಿದ್ದು ಮೂರೇ ಪದ: "ಗಾಡಿ ತಾನೇ ಓಯ್ತದೆ."

ನಮ್ಮ ಮನೆಯಲ್ಲಿ ಈ ಮಾತನ್ನು ಗಾಡಿಯ ಬಗ್ಗೆ ಅಂತ ತಗೊಂಡವರು ಕಡಿಮೆ. ಅಪ್ಪನ ವಯಸ್ಸಿನ ಬಗ್ಗೆ ಅಂತ ತಗೊಂಡವರೇ ಜಾಸ್ತಿ.

ಅಪ್ಪನಿಗೆ ಈಗ 68. ಗುಬ್ಬಿ ದಾಟಿ ನಿಟ್ಟೂರು ಕಡೆ ನಮ್ಮ ಊರು, ಒಂದಿಷ್ಟು ತೆಂಗು ಅಡಿಕೆ. 2017ರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಸಣ್ಣ ಪೆಟ್ರೋಲ್ ಕಾರು ತಗೊಂಡರು, 2013ರ ಮಾಡೆಲ್ಲು, ಕೆಎ-06 ನಂಬರಿನದು. ಅದಕ್ಕೂ ಮುಂಚೆ ಅವರು ಓಡಿಸಿದ್ದು ಟ್ರ್ಯಾಕ್ಟರು. ಅಮ್ಮನ ಶುಗರ್ ಚೆಕಪ್ಪಿಗೆ ತುಮಕೂರು, ಗೊಬ್ಬರಕ್ಕೆ ಗುಬ್ಬಿ, ಮೊಮ್ಮಗಳನ್ನು ನೋಡೋಕೆ ಅಕ್ಕನ ಮನೆಗೆ ಕುಣಿಗಲ್, ಎಲ್ಲಾ ಅದರಲ್ಲೇ. ನಮ್ಮೂರಿಗೆ ಬಸ್ಸು ಬೆಳಿಗ್ಗೆ ಒಂದು, ಸಾಯಂಕಾಲ ಒಂದು. ಸಾಯಂಕಾಲದ್ದು ಬಂದರೆ ಬಂತು.

ಕಳೆದ ನವೆಂಬರಿನಲ್ಲಿ ಗುಬ್ಬಿ ಪೇಟೆಯಲ್ಲಿ ಅಪ್ಪನ ಕಾರು ಮುಂದೆ ನಿಂತಿದ್ದ ಲಗೇಜ್ ಆಟೋಗೆ ಹೋಗಿ ಮುತ್ತಿಟ್ಟಿತು. ಯಾರಿಗೂ ಏನೂ ಆಗಲಿಲ್ಲ. ಆಟೋದಲ್ಲಿದ್ದ ತೆಂಗಿನಕಾಯಿ ನಾಲ್ಕು ಉರುಳಿದವು, ನಮ್ಮ ಬಂಪರ್ ಒಂದು ಕಡೆ ಸೀಳಿತು. ಅಪ್ಪ ಅಲ್ಲೇ ದುಡ್ಡು ಕೊಟ್ಟು ಬಂದಿದ್ದರು. ಆದರೆ ಸುದ್ದಿ ಅಪ್ಪನಿಗಿಂತ ಮುಂಚೆ ಮನೆ ಸೇರಿತ್ತು. ರಾತ್ರಿ ಅಕ್ಕನ ಫೋನು: "ಕೀ ಇಸ್ಕೊಂಡುಬಿಡೋ. ಇವತ್ತು ಆಟೋ, ನಾಳೆ ಸ್ಕೂಲ್ ಮಗು ಆದ್ರೆ?" ಹಿಂದಿನಿಂದ ಭಾವನ ದನಿ: "ವಯಸ್ಸಾದ್ಮೇಲೆ ಕಾಲಿಗೆ ಗೊತ್ತಾಗಲ್ಲ. ಬ್ರೇಕ್ ಅಂದ್ಕಂಡು ಎಕ್ಸಲೇಟ್ರು ತುಳೀತಾರೆ. ಪೇಪರಲ್ಲಿ ಓದಿಲ್ವಾ?"

ಭಾವ ಹೇಳಿದ್ದು ಬರೀ ಬಾಯಿಮಾತಲ್ಲ, ಅಂಥದ್ದು ಆಗುತ್ತೆ. ಆದರೆ ಅಪ್ಪ ಒಂದೇ ಮಾತು ಹಿಡಿದು ಕೂತಿದ್ದರು: "ನಾನ್ ಎಕ್ಸಲೇಟ್ರು ತುಳ್ದೇ ಇಲ್ಲ. ಕ್ಲಚ್ ಒಸಿ ಬಿಟ್ಟೆ, ಗಾಡಿ ತಾನೇ ಓಯ್ತು." ನಾನು ಎರಡೂ ಕಡೆಗೆ ಹೇಳಿದ್ದು ಒಂದೇ: ಮೊದಲು ಗಾಡಿ ನೋಡ್ತೀನಿ, ಕೀ ವಿಷಯ ಆಮೇಲೆ ಮಾತಾಡೋಣ. ಸಾಫ್ಟ್‌ವೇರ್ ಕೆಲಸ ಹತ್ತು ವರ್ಷ ಮಾಡಿದವನಿಗೆ 'ಯೂಸರ್ ಎರರ್' ಅಂತ ಬರೆದು ಟಿಕೆಟ್ ಕ್ಲೋಸ್ ಮಾಡೋದು ಎಷ್ಟು ಸುಲಭ ಅಂತ ಗೊತ್ತಿರುತ್ತೆ. ಕ್ಲೋಸ್ ಮಾಡಿದ ಆ ಟಿಕೆಟ್ ಎಷ್ಟು ಸಲ ವಾಪಸ್ ಬರುತ್ತೆ ಅಂತಾನೂ ಗೊತ್ತಿರುತ್ತೆ.

ಗಾಡಿಯನ್ನು ಯಾರೂ ನೋಡಿರಲಿಲ್ಲ ಅಂತಲ್ಲ. ತುಮಕೂರಿನಲ್ಲಿ ಎರಡು ಕಡೆ ತೋರಿಸಿದ್ದಾಗಿತ್ತು. ಎರಡೂ ಕಡೆ ಗಾಡಿ ಬಿಟ್ಟು ಸಾಯಂಕಾಲ ಬನ್ನಿ ಅಂದರು. ಸಾಯಂಕಾಲ ಹೋದರೆ ಸ್ಟಾರ್ಟ್ ಮಾಡಿ, ಹತ್ತು ನಿಮಿಷ ಬಿಟ್ಟು, "ನೋಡಿ ಸಾರ್, ಬೆಣ್ಣೆ ಥರ ಐತೆ" ಅಂದರು. ನಿಜಕ್ಕೂ ಬೆಣ್ಣೆ ಥರಾನೇ ಇತ್ತು. ವಾಟರ್ ವಾಶ್ ಮಾಡಿ ಬಿಲ್ ಕೊಟ್ಟರು. 'ನನ್ನ ಮಷೀನಲ್ಲಿ ಸರಿಯಾಗೇ ಓಡ್ತಿದೆಯಲ್ಲ' ಅನ್ನೋ ಮಾತು ನಮ್ಮ ಆಫೀಸಿನದ್ದು ಮಾತ್ರ ಅಂದುಕೊಂಡಿದ್ದೀರೇನು?

ಇಲ್ಲಿ ಒಂದು ನಿಮಿಷ ಇಂಜಿನ್ ವಿಷಯ ಹೇಳಬೇಕು. ಗಾಡಿ ನಿಂತಿರುವಾಗ, ಕಾಲು ಯಾವ ಪೆಡಲ್ ಮೇಲೂ ಇಲ್ಲದಿರುವಾಗ, ಇಂಜಿನ್ನು ಸಾಯದಂತೆ ಉಸಿರಾಡುವ ವೇಗಕ್ಕೆ ಐಡಲ್ ಅಂತ ಹೆಸರು. ಬಿಸಿಯಾದ ಸಣ್ಣ ಪೆಟ್ರೋಲ್ ಇಂಜಿನ್ನಿಗೆ ನಿಮಿಷಕ್ಕೆ 800ರಿಂದ 900 ಸುತ್ತು ಸಾಕು. ಗಾಳಿ ಒಳಗೆ ಹೋಗುವ ದಾರಿಯಲ್ಲಿ ಥ್ರಾಟಲ್ ಅನ್ನೋ ತಟ್ಟೆಯಂಥ ಬಾಗಿಲಿದೆ. ಎಕ್ಸಲರೇಟರ್ ತುಳಿದರೆ ಕೇಬಲ್ ಎಳೆದು ಈ ಬಾಗಿಲು ತೆರೆಯುತ್ತೆ. ಕಾಲು ತೆಗೆದರೆ ಬಾಗಿಲು ಮುಚ್ಚುತ್ತೆ. ಆಗ ಪಕ್ಕದ ಒಂದು ಸಣ್ಣ ಕಿಂಡಿಯಿಂದ ಎಷ್ಟು ಗಾಳಿ ಬಿಡಬೇಕು ಅಂತ ತೀರ್ಮಾನಿಸೋದು ಇಸಿಯು, ಅಂದರೆ ಗಾಡಿಯ ಕಂಪ್ಯೂಟರು. ಇಂಜಿನ್ ತಣ್ಣಗಿದ್ದರೆ ಅದು ಬೇಕಂತಲೇ ಜಾಸ್ತಿ ಗಾಳಿ, ಜಾಸ್ತಿ ಪೆಟ್ರೋಲ್ ಬಿಟ್ಟು ಸುತ್ತು ಏರಿಸುತ್ತೆ. ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಗಾಡಿ ಜೋರಾಗಿ ಗುಂಯ್ಗುಟ್ಟಿ, ಆಮೇಲೆ ಇಳಿಯೋದು ನೀವೂ ಕೇಳಿರ್ತೀರ. ಅದು ಕಾಯಿಲೆಯಲ್ಲ. ಇಳಿಯದೇ ಇದ್ದರೆ ಕಾಯಿಲೆ. ಗಾಡಿ 1700 ಸುತ್ತಿನಲ್ಲಿ ನಿಂತಿದ್ದಾಗ ಫಸ್ಟ್ ಗೇರ್ ಹಾಕಿ ಕ್ಲಚ್ ಸ್ವಲ್ಪ ಬಿಟ್ಟರೂ ಅದು ಹಗ್ಗ ಹರಿದ ಕರು ಥರ ಮುಂದಕ್ಕೆ ನುಗ್ಗುತ್ತೆ.

ನಮ್ಮ ಕಾರು ಬೇಸ್ ಮಾಡೆಲ್. ಅದರ ಡ್ಯಾಶ್‌ಬೋರ್ಡಿನಲ್ಲಿ ಸುತ್ತು ತೋರಿಸುವ ಮೀಟರೂ ಇಲ್ಲ, ಟೆಂಪರೇಚರ್ ಮುಳ್ಳೂ ಇಲ್ಲ. ಕುದಿಯೋಕೆ ಬಂದರೆ ಕೆಂಪು ದೀಪ ಹತ್ತುತ್ತೆ, ಅಷ್ಟೇ. ಅಪ್ಪನ ಹತ್ತಿರ ಸಾಕ್ಷಿ ಅಂತ ಇದ್ದದ್ದು ಅವರ ಕಿವಿ ಮತ್ತು ಕಾಲು. ಆ ಎರಡರ ಮೇಲೂ ಮನೆಯವರಿಗೆ ಅನುಮಾನ.

ಹಾಗಾಗಿ ಮೊದಲು ಅಳತೆ ಬೇಕಿತ್ತು. ಸ್ಟೇರಿಂಗ್ ಕೆಳಗೆ 16 ಪಿನ್ನಿನ ಓಬಿಡಿ ಸಾಕೆಟ್ ಇರುತ್ತೆ. ಅದಕ್ಕೆ ಬೆಂಕಿಪೊಟ್ಟಣದಷ್ಟು ದೊಡ್ಡ ಬ್ಲೂಟೂತ್ ಡಾಂಗಲ್ ಒಂದನ್ನು ಚುಚ್ಚಿದರೆ ಇಸಿಯು ಏನು ನೋಡ್ತಿದೆ ಅನ್ನೋದು ಫೋನಿನಲ್ಲಿ ಕಾಣುತ್ತೆ. ಡಿಸೆಂಬರಿನ ಒಂದು ಶನಿವಾರ ಊರಿನಿಂದ ಬೆಳಿಗ್ಗೆ ಆರೂವರೆಗೆ ನಾನೇ ಗಾಡಿ ಓಡಿಸಿಕೊಂಡು ಹೊರಟೆ. ಅಪ್ಪ ಪಕ್ಕದಲ್ಲಿ, ಮಫ್ಲರ್ ಸುತ್ತಿಕೊಂಡು, ಕೈಯಲ್ಲಿ ನನ್ನ ಫೋನು ಹಿಡ್ಕೊಂಡು. ಹೇಮಾವತಿ ನಾಲೆ ಮೇಲೆಲ್ಲಾ ಮಂಜು. 2023ರ ಫೆಬ್ರವರಿಯಲ್ಲಿ ನಮ್ಮ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್‌ನವರ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆಯ್ತಲ್ಲ, ಅದನ್ನು ನೆನೆಸಿಕೊಂಡು ಅಪ್ಪ ಹೇಳಿದರು: "ಎಲಿಕಾಪ್ಟ್ರು ಮಾಡೋ ತಾಲ್ಲೂಕಲ್ಲಿ ಒಂದ್ ಕಾರು ರಿಪೇರಿ ಆಗಲ್ವೇನ್ಲಾ?"

ತುಮಕೂರಿನ ನಮ್ಮ ಮನೆ ಗೇಟ್ ಮುಂದೆ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದೆ. ಸುತ್ತು 1720. ಅಪ್ಪನನ್ನು ಡ್ರೈವರ್ ಸೀಟಿಗೆ ಕೂರಿಸಿದೆ. "ಎರಡೂ ಕಾಲು ಆಚೆ ಇಡಿ" ಅಂದೆ. ಅವರು ಬಾಗಿಲು ತೆಗೆದು, ಎರಡೂ ಕಾಲನ್ನು ಗೇಟಿನ ಮುಂದಿನ ಕಲ್ಲುಚಪ್ಪಡಿ ಮೇಲೆ ಇಟ್ಟುಕೊಂಡು, ಜಗಲಿ ಮೇಲೆ ಕೂತವರ ಥರ ಕೂತರು. ಇಂಜಿನ್ನು 1700ರಲ್ಲೇ ಗುಂಯ್ ಅಂತಿತ್ತು. ಚಪ್ಪಲಿ, ಕಲ್ಲು, ಫೋನಿನ ಮೇಲಿನ ನಂಬರು, ಮೂರೂ ಕಾಣೋ ಹಾಗೆ ವೀಡಿಯೋ ಮಾಡಿದೆ. ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಏನೂ ಬರೆಯಲಿಲ್ಲ. ಎರಡು ನೀಲಿ ಗೆರೆ ಬಂದವು, ಉತ್ತರ ಬರಲಿಲ್ಲ.

ಅಪ್ಪನ ಕಾಲಿನ ಕೇಸು ಅಲ್ಲಿಗೆ ಮುಗೀತು. ಆದರೆ ಸುತ್ತಿನ ಪಕ್ಕದಲ್ಲೇ ಇನ್ನೊಂದು ನಂಬರ್ ಇತ್ತು, ಕೂಲೆಂಟ್ ಟೆಂಪರೇಚರ್. ಅದು 61 ಡಿಗ್ರಿ ತೋರಿಸ್ತಿತ್ತು. ಹೈವೇಯಲ್ಲಿ ಅಷ್ಟು ದೂರ ಓಡಿ ಬಂದ ಇಂಜಿನ್ನು 85, 90ರ ಆಸುಪಾಸಿನಲ್ಲಿ ಇರಬೇಕು. ಆಪ್ ತಪ್ಪು ತೋರಿಸ್ತಿದೆಯಾ ಅಂತ ಒಳಗಿನ ಕಚ್ಚಾ ಡೇಟಾ ತೆಗೆದು ನೋಡಿದೆ. 41 05 65. ಕೊನೆಯ 65 ಹೆಕ್ಸಾಡೆಸಿಮಲ್, ಅಂದರೆ 101. ಅದರಲ್ಲಿ 40 ಕಳೆದರೆ 61. (40 ಯಾಕೆ ಕಳೀಬೇಕು ಅಂದರೆ, ಒಂದು ಬೈಟಿನಲ್ಲಿ 0ಯಿಂದ 255ರವರೆಗೆ ಮಾತ್ರ ಬರೆಯಬಹುದು, ಮೈನಸ್ 40 ಡಿಗ್ರಿ ಚಳಿಯಿಂದ ಶುರು ಮಾಡಿದರೆ 215ರವರೆಗೆ ಸಿಗುತ್ತೆ. ನಿಟ್ಟೂರಿನ ಡಿಸೆಂಬರಿಗೆ ಅಷ್ಟು ಬೇಕಾಗಿರಲಿಲ್ಲ.)

ಗಾಡಿ ಆಫ್ ಮಾಡದೆ ಹಾಗೇ ಬಿಟ್ಟೆವು. ಅಪ್ಪ ತಮ್ಮ ಎಚ್‌ಎಂಟಿ ವಾಚು ನೋಡ್ತಾ ಕೂತರು. ಹನ್ನೊಂದು ನಿಮಿಷಕ್ಕೆ 61 ಇದ್ದದ್ದು 90 ದಾಟಿತು, ರೇಡಿಯೇಟರ್ ಫ್ಯಾನ್ ಶುರುವಾಯಿತು, ಸುತ್ತು ನಿಧಾನಕ್ಕೆ ಇಳಿದು ಸಾವಿರದ ಹತ್ತಿರ ಬಂದು ನಿಂತಿತು. ಗ್ಯಾರೇಜಿನವರು ನೋಡಿದ ಬೆಣ್ಣೆ ಇದು. ನಿಂತ ಕಡೆ ಹತ್ತು ನಿಮಿಷ ಬಿಟ್ಟರೆ ಗಾಡಿ ಸಾಧು. ಓಡಿ ಬಂದು ನಿಂತಾಗ ಮಾತ್ರ ರಾಕ್ಷಸ. ಓಡಿಸಿಕೊಂಡು ಬಂದು ನಿಲ್ಲಿಸುವವರು ಅಪ್ಪ ಒಬ್ಬರೇ.

ಎರರ್ ಕೋಡ್ ಒಂದೂ ಇರಲಿಲ್ಲ. ಒಂದೊಂದನ್ನೇ ಪಟ್ಟಿಯಿಂದ ತೆಗೀತಾ ಬಂದೆ. ಏಸಿ ಆಫ್, ವ್ಯತ್ಯಾಸ ಇಲ್ಲ. ಎಕ್ಸಲರೇಟರ್ ಕೇಬಲ್ ಬೆರಳಲ್ಲಿ ಎತ್ತಿದರೆ ಸ್ವಲ್ಪ ಸಡಿಲ ಇದೆ, ಬಿಗಿದುಕೊಂಡಿಲ್ಲ. ಎಲ್ಲಾದರೂ ರಬ್ಬರ್ ಪೈಪು ಬಿರುಕುಬಿಟ್ಟು ಕಳ್ಳದಾರಿಯಲ್ಲಿ ಗಾಳಿ ಎಳೀತಿದೆಯಾ ಅಂತ ನೋಡೋಕೆ, ಗಿಡಕ್ಕೆ ನೀರು ಹೊಡೆಯೋ ಸ್ಪ್ರೇ ಬಾಟಲಿನಿಂದ ಜಾಯಿಂಟುಗಳ ಮೇಲೆ ನೀರು ಚಿಮುಕಿಸಿದೆ. ಅಂಥ ಕಡೆ ನೀರು ಬಿದ್ದರೆ ಇಂಜಿನ್ ದನಿ ತಕ್ಷಣ ಬದಲಾಗುತ್ತೆ. ಬದಲಾಗಲಿಲ್ಲ. (ಯೂಟ್ಯೂಬಿನಲ್ಲಿ ಇದಕ್ಕೆ ಕಾರ್ಬ್ ಕ್ಲೀನರ್ ಹೊಡೆಯೋದು ತೋರಿಸ್ತಾರೆ. ಅದು ಪೆಟ್ರೋಲ್ ಥರಾನೇ ಹತ್ತಿಕೊಳ್ಳೋ ದ್ರವ. ಬಿಸಿ ಇಂಜಿನ್ ಮೇಲೆ ಆ ಸಾಹಸ ಬೇಡ.) ಬ್ರೇಕ್ ಬೂಸ್ಟರಿನ ದಪ್ಪ ಪೈಪನ್ನು ಬಟ್ಟೆ ಸುತ್ತಿದ ಇಕ್ಕಳದಲ್ಲಿ ಒತ್ತಿ ಹಿಡಿದೆ. ಅದೂ ಅಲ್ಲ.

ಥ್ರಾಟಲ್ ಬಾಡಿ ಬಿಚ್ಚಿದಾಗ ಮೊದಲನೆಯದು ಸಿಕ್ಕಿತು. ತಟ್ಟೆಯ ಅಂಚಿನಲ್ಲೆಲ್ಲಾ ಒಲೆಯ ಮಸಿಯಂಥ ಕಪ್ಪು ಇಂಗಾಲ. ಅದರ ಪಕ್ಕದಲ್ಲಿ ಬಾಗಿಲು ಎಷ್ಟು ಮುಚ್ಚಬೇಕು ಅಂತ ತಡೆಯುವ ಒಂದು ಸ್ಕ್ರೂ ಇರುತ್ತೆ. ಕಾರ್ಖಾನೆಯವರು ಅದನ್ನು ಹೊಂದಿಸಿ, ಯಾರೂ ಮುಟ್ಟಬಾರದು ಅಂತ ಮೇಲೆ ಬಣ್ಣ ಹಚ್ಚಿರ್ತಾರೆ. ನಮ್ಮದರಲ್ಲಿ ಬಣ್ಣ ಒಡೆದಿತ್ತು, ಸ್ಕ್ರೂಡ್ರೈವರಿನ ಗೀರು ಇತ್ತು. ಏನಾಗಿರಬೇಕು ಅಂತ ಊಹಿಸೋದು ಕಷ್ಟ ಅಲ್ಲ. ಇಂಗಾಲ ಕಟ್ಟಿ ಗಾಳಿ ಕಮ್ಮಿಯಾಗಿ ಗಾಡಿ ಸಿಗ್ನಲ್ಲಿನಲ್ಲಿ ಆಫ್ ಆಗೋಕೆ ಶುರುವಾಗಿದೆ; ಇಂಗಾಲ ತೆಗೆಯೋ ಬದಲು ಯಾರೋ ಸ್ಕ್ರೂ ತಿರುಗಿಸಿ ಬಾಗಿಲನ್ನೇ ಸ್ವಲ್ಪ ತೆರೆದಿಟ್ಟಿದ್ದಾರೆ. ನಮ್ಮ ಕಸುಬಿನಲ್ಲಿ ಇದನ್ನು ನಾವು ದಿನಾ ಮಾಡ್ತೀವಿ, ಅದಕ್ಕೆ 'ವರ್ಕ್‌ಅರೌಂಡ್' ಅಂತ ಮರ್ಯಾದೆಯ ಹೆಸರೂ ಕೊಟ್ಟಿದ್ದೀವಿ. ಹಳೇ ಬನೀನು, ಥ್ರಾಟಲ್ ಕ್ಲೀನರ್ ಹಿಡಿದು ಬೆಳ್ಳಗೆ ಮಾಡಿ, ಸ್ಕ್ರೂ ಹಿಂದಕ್ಕೆ ತಂದು, ಬ್ಯಾಟರಿ ಸ್ವಲ್ಪ ಹೊತ್ತು ಬಿಚ್ಚಿಟ್ಟು ಜೋಡಿಸಿದೆ. ಗುಬ್ಬಿಯವರೆಗೆ ಹೋಗಿ ಬಂದು ನಿಲ್ಲಿಸಿದರೆ 1250. 1720ರಿಂದ 1250ಕ್ಕೆ ಇಳಿದಿದ್ದು ಖುಷಿಯೇ, ಆದರೆ 850 ಅಲ್ಲ. ಟೆಂಪರೇಚರ್ ಮತ್ತೆ 60ರ ಹತ್ತಿರವೇ.

ಮೊದಲಿನ ಅನುಮಾನ ಸೆನ್ಸರ್ ಮೇಲೆ. ರೇಡಿಯೇಟರಿನಿಂದ ಬರೋ ಪೈಪು ಮುಟ್ಟಿ ನೋಡಿದ ಮೇಲೆ ಅದೂ ಹೋಯಿತು. ಸೆನ್ಸರ್ ಸುಳ್ಳು ಹೇಳ್ತಿರಲಿಲ್ಲ. ನೀರು ನಿಜಕ್ಕೂ ತಣ್ಣಗೇ ಇತ್ತು. ಇಸಿಯು ಕೂಡ ತಪ್ಪು ಮಾಡ್ತಿರಲಿಲ್ಲ: ಇಂಜಿನ್ ಇನ್ನೂ ಬಿಸಿಯಾಗಿಲ್ಲ, ಪಾಪ, ಸ್ವಲ್ಪ ಜಾಸ್ತಿ ಕೊಡೋಣ ಅಂತ ಗುಬ್ಬಿಯಿಂದ ತುಮಕೂರಿನವರೆಗೂ ಪೆಟ್ರೋಲ್ ಸುರೀತಿತ್ತು. ಲೀಟರಿಗೆ ಹದಿನೆಂಟು ಕೊಡ್ತಿದ್ದ ಗಾಡಿ ಹದಿನಾಲ್ಕಕ್ಕೆ ಇಳಿದಿದೆ ಅಂತ ಅಪ್ಪ ಗೊಣಗುತ್ತಿದ್ದದ್ದಕ್ಕೂ ಕಾರಣ ಇದೇ.

ಇಂಜಿನ್ನಿಗೂ ರೇಡಿಯೇಟರಿಗೂ ನಡುವೆ ಥರ್ಮೋಸ್ಟಾಟ್ ಅನ್ನೋ ವಾಲ್ವ್ ಇರುತ್ತೆ. ಒಳಗೆ ಒಂದು ಚೂರು ಮೇಣ, ಒಂದು ಸ್ಪ್ರಿಂಗು, ಅಷ್ಟೇ. ನೀರು ತಣ್ಣಗಿರುವವರೆಗೆ ಮುಚ್ಚಿಕೊಂಡು ರೇಡಿಯೇಟರಿಗೆ ಹೋಗೋ ದಾರಿ ತಡೆಯುತ್ತೆ. ಬಿಸಿಯಾದಾಗ ಮೇಣ ಹಿಗ್ಗಿ ಬಾಗಿಲು ತೆರೆಯುತ್ತೆ. ಭಾನುವಾರ ಬೆಳಿಗ್ಗೆ, ಇಂಜಿನ್ ಪೂರ್ತಿ ಆರಿದ ಮೇಲೆ (ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಮುಖ ಸುಟ್ಟುಕೊಂಡವರು ನಮ್ಮೂರಲ್ಲೇ ಇಬ್ಬರಿದ್ದಾರೆ), ಅದರ ಗೂಡಿನ ಎರಡು ಬೋಲ್ಟ್ ಬಿಚ್ಚಿದೆ. ಅಪ್ಪ ಟಾರ್ಚ್ ಹಿಡಿದಿದ್ದರು.

"ಏನೂ ಇಲ್ವಲ್ಲೋ ಇದ್ರಲ್ಲಿ."

"ಅದೇ ಅಪ್ಪಾ. ಇರಬೇಕಿತ್ತು."

ವಾಲ್ವ್ ಹಾಳಾಗಿರಲಿಲ್ಲ, ಇರಲೇ ಇಲ್ಲ. ಖಾಲಿ ಗೂಡು, ಸುತ್ತ ಸಿಲಿಕಾನ್ ಅಂಟು. ಸೆನ್ಸರ್‌ಗಳೆಲ್ಲಾ ಸರಿಯಿವೆ ಅಂತ ಹೇಳೋ ಕಂಪ್ಯೂಟರಿಗೆ ಇಲ್ಲದ ಭಾಗ ಇಲ್ಲ ಅಂತ ಹೇಳೋಕೆ ಬರಲ್ಲ. ಒಳಗಿದ್ದ ನೀರು ಕಾಫಿ ಬಣ್ಣ, ಪೈಪಿನ ಒಳಮೈಗೆ ಬಿಳೀ ಉಪ್ಪಿನ ಚಕ್ಕೆ. ನಮ್ಮ ಜಿಲ್ಲೆಯ ಬೋರ್‌ವೆಲ್ ನೀರು ಕುಡಿದು ಬೆಳೆದವರಿಗೆ ಆ ಚಕ್ಕೆಯ ಪರಿಚಯ ಹೇಳಬೇಕಿಲ್ಲ. ನೀರು ಕಾಯಿಸೋ ಹಂಡೆಯಲ್ಲಿ, ಗೀಸರಿನ ಕಾಯಿಲಿನಲ್ಲಿ ಕೂರೋ ಅದೇ ಚಕ್ಕೆ.

ಸ್ಪೇರ್ ಪಾರ್ಟ್ಸ್ ಅಂಗಡಿಯವರು ವಾಲ್ವ್ ಕೊಡುವಾಗ ನನ್ನನ್ನು ವಿಚಿತ್ರವಾಗಿ ನೋಡಿದರು. "ಎಲ್ಲಾ ತೆಗೆಸ್ತಾರೆ ಸಾರ್, ನೀವು ಹಾಕಿಸ್ತಾ ಇದ್ದೀರಲ್ಲ." 620 ರೂಪಾಯಿ. ಅದರ ಮೇಲೆ 82 ಅಂತ ಕೆತ್ತಿತ್ತು. ಹಾಕೋಕೆ ಮುಂಚೆ ಪರೀಕ್ಷೆ ಮಾಡಬೇಕಲ್ಲ, ನನ್ನ ಹೆಂಡತಿ ಒಂದು ಹಳೇ ಹಾಲಿನ ಪಾತ್ರೆ ಕೊಟ್ಟು, "ಇದು ಇನ್ನು ಅಡುಗೆಮನೆಗೆ ವಾಪಸ್ ಬರೋದು ಬೇಡ" ಅಂದಳು. ನೀರಿಗೆ ದಾರ ಕಟ್ಟಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಒಲೆ ಹಚ್ಚಿದೆ. 70, 75, 80. ಏನಿಲ್ಲ. 82 ದಾಟುತ್ತಿದ್ದಂತೆ ವಾಲ್ವ್ ಮೆಲ್ಲಗೆ ಬಾಯಿ ಬಿಟ್ಟಿತು. ಅಪ್ಪ ಒಲೆ ಆರಿಸಿ ಅದು ಮುಚ್ಚಿಕೊಳ್ಳೋದು ನೋಡಿದರು, ಮತ್ತೆ ಹಚ್ಚಿಸಿ ಬಿಚ್ಚಿಕೊಳ್ಳೋದು ನೋಡಿದರು. ಮೂರು ಸಲ. "ಕರೆಂಟಿಲ್ಲ, ಏನಿಲ್ಲ. ಇದಕ್ಕೆ ಯೆಂಗ್ ಗೊತ್ತಾಯ್ತದೆ?" ಅಂತ ಕೇಳುತ್ತಲೇ ಇದ್ದರು. ಒಳಗೆಲ್ಲಾ ತೊಳೆದು, ವಾಲ್ವ್ ಹಾಕಿ, ಬೋರ್ ನೀರಿನ ಬದಲು ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲೆಂಟ್ ತುಂಬಿಸೋ ಹೊತ್ತಿಗೆ ಮಧ್ಯಾಹ್ನ.

ವಾಲ್ವ್ ತೆಗೆದವರು ಯಾರು ಅಂತ ಅಪ್ಪನಿಗೆ ಗೊತ್ತಿತ್ತು. ಗುಬ್ಬಿಯ ಮೇಸ್ತ್ರಿ. ಅಂಬಾಸಿಡರ್ ಕಾಲದಿಂದ ಸ್ಪ್ಯಾನರ್ ಹಿಡಿದವರು, ಕೈಗುಣ ಇರೋರು. ಮುಂದಿನ ವಾರ ಹೋದಾಗ ಅಪ್ಪ ದಾರಿಯುದ್ದಕ್ಕೂ "ಬೇಜಾರ್ ಮಾಡ್ಕಬಾರ್ದು ಅವ್ನು, ಸಮಾಧಾನವಾಗಿ ಮಾತಾಡು" ಅಂತ ಹೇಳಿಕೊಟ್ಟರು. ಮೇಸ್ತ್ರಿ ಪೂರ್ತಿ ಕೇಳಿಸಿಕೊಂಡರು. ಒಳಗೆ ಹೋಗಿ ಒಂದು ಆಯಿಲ್ ಡಬ್ಬ ತಂದು ನೆಲಕ್ಕೆ ಸುರಿದರು. ಮೂವತ್ತು ನಲವತ್ತು ವಾಲ್ವುಗಳು, ಕೆಲವು ತುಕ್ಕು ಹಿಡಿದು ಕಲ್ಲಾಗಿದ್ದವು. "ಇದ್ರಲ್ಲಿ ನಿಮ್ದೂ ಇರ್ತದೆ, ಉಡುಕ್ಕಳಿ."

ಆಮೇಲೆ ಅಪ್ಪನ ಕಡೆ ತಿರುಗಿ ಹೇಳಿದರು: "ಜ್ಞಾಪಕ ಐತಾ ಅಣ್ಣಾ? ಮಗಳ ಮದುವೆ ಪತ್ರಿಕೆ ಹಂಚ್ತಿದ್ರಿ. ಗಾಡಿ ದಾರೀಲಿ ಕುದ್ದು ತಳ್ಕಂಡ್ ಬಂದ್ರಿ. ಆ ವಾಲ್ವು ಕಚ್ಕಂಡಿತ್ತು. ಹೊಸಾದು ತುಮಕೂರಿಂದ ಬರ್ಬೇಕು. ಐದ್ ದಿನಕ್ಕೆ ಮದುವೆ. ತೆಗ್ದೆ, ಕಳಿಸ್ದೆ. ಮದುವೆ ಆಯ್ತಲ್ಲ?"

ಆಗಿತ್ತು. 2018ರಲ್ಲಿ. ಮದುಮಗ ಕುಣಿಗಲ್ ಭಾವ.

ಮೇಸ್ತ್ರಿಯ ಲೆಕ್ಕಾಚಾರ ನನಗೆ ದಡ್ಡತನ ಅಂತ ಅನಿಸಲ್ಲ. ಅವರು ಕೆಲಸ ಕಲಿತ ಕಾಲದಲ್ಲಿ ಕಾರ್ಬುರೇಟರ್ ಇತ್ತು, ಚೋಕ್ ಎಳೆಯೋದು ಡ್ರೈವರ್ ಕೈಯಲ್ಲಿತ್ತು. ವಾಲ್ವ್ ತೆಗೆದರೆ ಇಂಜಿನ್ ಸ್ವಲ್ಪ ತಣ್ಣಗೆ ಓಡಿ ಒಂದಿಷ್ಟು ಪೆಟ್ರೋಲ್ ಜಾಸ್ತಿ ಕುಡೀತಿತ್ತೇ ಹೊರತು, ನೀರಿನ ಬಿಸಿ ನೋಡಿ ತಾನೇ ರೇಸ್ ಏರಿಸುವ ಕಂಪ್ಯೂಟರ್ ಒಳಗಿರಲಿಲ್ಲ. 2000ದ ಆಸುಪಾಸಿನಲ್ಲಿ ಹೊಗೆ ನಿಯಮ ಬಿಗಿಯಾಗಿ ಫ್ಯೂಯಲ್ ಇಂಜೆಕ್ಷನ್ ಬಂತು. ಗಾಡಿ ಬದಲಾಯಿತು, ಗುಬ್ಬಿಗೆ ಬಂದು ಹೇಳಿಕೊಟ್ಟವರು ಯಾರೂ ಇಲ್ಲ. ಮತ್ತೆ ಕಂಪನಿಯ ಟ್ರೈನಿಂಗ್ ಪಡೆದು ಕಂಪ್ಯೂಟರ್ ಹಿಡಿದವರು ಹತ್ತು ನಿಮಿಷ ನಿಲ್ಲಿಸಿ ಬೆಣ್ಣೆ ಅಂದರಲ್ಲ, ಅವರಿಗಿಂತ ಇವರು ವಾಸಿ. ಇವರು ಕೊನೇಪಕ್ಷ ಅಪ್ಪನ ಮಾತು ನಂಬಿದ್ದರು. ನಾನು ಫೋನಿನಲ್ಲಿ ಬೇಸಿಗೆಯಲ್ಲಿ ಮತ್ತು ಚಳಿಯಲ್ಲಿ ಏನು ವ್ಯತ್ಯಾಸ ಅಂತ ತೋರಿಸಿದಾಗ ಕನ್ನಡಕ ಏರಿಸಿ ನೋಡಿ, ಆ ಡಾಂಗಲ್ಲಿಗೆ ಎಷ್ಟು, ಎಲ್ಲಿ ಸಿಗುತ್ತೆ ಅಂತ ಕೇಳಿದರು. ಅದನ್ನು ಅಲ್ಲೇ ಬಿಟ್ಟು ಬಂದೆ. ನನಗೆ ಇನ್ನೊಂದು ತರಿಸಿಕೊಂಡೆ.

ಸಂಕ್ರಾಂತಿಗೆ ಅಪ್ಪ, ಅಮ್ಮ ಊರಿಂದ ತುಮಕೂರಿಗೆ ಬಂದು, ನಮ್ಮನ್ನು ಹತ್ತಿಸಿಕೊಂಡು, ಹೆಬ್ಬೂರು ಮೇಲೆ ಕುಣಿಗಲ್‌ಗೆ ಹೊರಟೆವು. ಓಡಿಸಿದ್ದು ಅಪ್ಪ. ಹೆಬ್ಬೂರಿನಲ್ಲಿ ಟೀಗೆ ನಿಲ್ಲಿಸಿದಾಗ 86 ಡಿಗ್ರಿ, ಸುತ್ತು 850. ಅಕ್ಕನ ಮನೆ ಮುಂದೆ ನಿಲ್ಲಿಸಿದಾಗ 87, ಸುತ್ತು ಅಷ್ಟೇ. ಇಂಜಿನ್ ಓಡ್ತಿದೆಯೋ ಇಲ್ಲವೋ ಗೊತ್ತಾಗದಷ್ಟು ಸದ್ದು. ಭಾವ ಹೊರಗೆ ಬಂದು ಬಾನೆಟ್ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು. ವೀಡಿಯೋ ಬಗ್ಗೆ ಅವತ್ತಿನವರೆಗೂ ಒಂದು ಮಾತೂ ಆಡಿರಲಿಲ್ಲ.

"ಗಾಡಿ ಈಗ ಹೆಂಗೈತೆ ಮಾವಾ?"

"ಗಾಡಿಗೇನ್. ನಾನ್ ಓಗು ಅಂದ್ರೆ ಓಯ್ತದೆ, ನಿಲ್ಲು ಅಂದ್ರೆ ನಿಲ್ತದೆ."

ಎಳ್ಳು ಬೆಲ್ಲ ತಿಂದು ಕೂತಾಗ ಅಕ್ಕ ಕೀ ವಿಷಯ ಮತ್ತೆ ತೆಗೆದಳು, ಈ ಸಲ ಮೆತ್ತಗೆ. ರಾತ್ರಿ ಹೊತ್ತು ಎದುರಿನ ಲೈಟು ಕಣ್ಣು ಕುಕ್ಕುತ್ತೆ ಅಂತ ಅಪ್ಪನೇ ಹೇಳ್ತಿರ್ತಾರಲ್ಲ, ಅದಕ್ಕೇನು ಮಾಡೋದು ಅಂತ. ಅದು ಬೇರೆ ಟಿಕೆಟ್, ಮತ್ತು ಅದು ಗಾಡಿಯದ್ದಲ್ಲ. ಅಪ್ಪ ವಾದ ಮಾಡಲಿಲ್ಲ. ಕತ್ತಲಾದ ಮೇಲೆ ಓಡಿಸಲ್ಲ ಅಂತ ಒಪ್ಪಿಕೊಂಡರು, ಕಣ್ಣು ತೋರಿಸಿಕೊಳ್ತೀನಿ ಅಂದರು. ಫೆಬ್ರವರಿಯಲ್ಲಿ ತುಮಕೂರಿನಲ್ಲಿ ತೋರಿಸಿದೆವು. ಬಲಗಣ್ಣಿನಲ್ಲಿ ಪೊರೆ ಶುರುವಾಗಿದೆ, ಈಗಲೇ ಆಪರೇಷನ್ ಬೇಡ, ಆರು ತಿಂಗಳು ಬಿಟ್ಟು ಬನ್ನಿ ಅಂದರು ಡಾಕ್ಟರು. ಪರೀಕ್ಷೆಗೆ ಕಣ್ಣಿಗೆ ಹನಿ ಬಿಟ್ಟಿದ್ದರಿಂದ ವಾಪಸ್ ಬರುವಾಗ ನಾನು ಓಡಿಸಿದೆ. ಹೋಗುವಾಗ ಅವರೇ ಓಡಿಸಿಕೊಂಡು ಹೋಗಿದ್ದರು.